ಬಾವಿ ಬತ್ತಿದ ದಿನವನ್ನು ಬರೆದಿಡಿ

ಪಶ್ಚಿಮ ಬಂಗಾಳದ ರಾಣಿಗಂಜ್‌ನಲ್ಲಿ ಕಲ್ಲಿದ್ದಲು ಅಗೆಯಲು ಶುರುಮಾಡಿದ್ದು 1774ರಲ್ಲಿ. ಜಾರ್ಖಂಡ್‌ನ ಝರಿಯಾದಲ್ಲಿ ನೆಲದೊಳಗಿನ ಬೆಂಕಿ ಮೊದಲು ಕಾಣಿಸಿದ್ದು 1916ರಲ್ಲಿ. ಎರಡೂ ಕಡೆ ಎಷ್ಟೋ ಬಡಾವಣೆಗಳು ಟೊಳ್ಳು ನೆಲದ ಮೇಲೆ ನಿಂತಿವೆ. ಬೆಂಕಿ, ಕುಸಿತ, ಪುನರ್ವಸತಿಗೆಂದೇ ಕೇಂದ್ರ ಸರ್ಕಾರ 2009ರಲ್ಲಿ ಮಾಸ್ಟರ್ ಪ್ಲಾನ್ ಒಪ್ಪಿತು. ಬಿರಿದ ಗೋಡೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಇಳಿದ ಬಾವಿನೀರು, ಒಣಗಿದ ಮರಗಳ ನಷ್ಟ ಮಾತ್ರ ಲೆಕ್ಕಕ್ಕೆ ಬರುವುದು ಕಡಿಮೆ.

ಸುರಂಗದ ಚಾವಣಿಯನ್ನು ಹೊತ್ತು ನಿಲ್ಲಲೆಂದು ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟಿರುತ್ತಾರೆ. ಕೊನೆಗೆ ಅವನ್ನೂ ತೆಗೆದಾಗ ಮೇಲಿನ ಬಂಡೆ ಮುರಿದು ಬೀಳುತ್ತದೆ. ಬಿರುಕುಗಳು ಮೇಲಕ್ಕೆ ಹಬ್ಬಿ ಜಲಪದರವನ್ನು ಮುಟ್ಟಿದರೆ ಅಂತರ್ಜಲ ಗಣಿಯೊಳಗೆ ಸೋರುತ್ತದೆ. ಮೇಲ್ಮಣ್ಣು ಸೀಳಿದಲ್ಲಿ ಬೇರು ಹರಿಯುತ್ತದೆ, ಮಣ್ಣಿನ ತೇವ ಆರುತ್ತದೆ. ತಗ್ಗಾದ ಹೊಲದಲ್ಲಿ ಮಳೆಗಾಲದ ನೀರು ನಿಂತು ಬೆಳೆ ಕೊಳೆಯುತ್ತದೆ.

ಇಂಥ ನಷ್ಟಕ್ಕೆ ಪರಿಹಾರ ಕೇಳುವ ದಾರಿ 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲಿದೆ. ಅದರ 15ನೇ ಕಲಂ ಆಸ್ತಿ ನಷ್ಟಕ್ಕೆ ಪರಿಹಾರ ಕೊಡಿಸುವುದರ ಜೊತೆಗೆ ಕೆಟ್ಟ ಪರಿಸರವನ್ನು ಮೊದಲಿನ ಸ್ಥಿತಿಗೆ ತರಿಸುವ ಅಧಿಕಾರವನ್ನೂ ಕೊಡುತ್ತದೆ. ಆದರೆ ನಷ್ಟದ ಕಾರಣ ಮೊದಲು ತಲೆದೋರಿದ ದಿನದಿಂದ ಐದು ವರ್ಷದೊಳಗೆ ಅರ್ಜಿ ಹಾಕಬೇಕು. 14ನೇ ಕಲಮಿನಡಿ ಪರಿಸರದ ವ್ಯಾಜ್ಯ ಹೂಡಲು ಇರುವುದು ಆರೇ ತಿಂಗಳು. ತಡಕ್ಕೆ ತಕ್ಕ ಕಾರಣವಿದ್ದರೆ ಎರಡಕ್ಕೂ 60 ದಿನಗಳ ರಿಯಾಯಿತಿ ಸಿಗಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಹಾಗಾಗಿ ದಿನಾಂಕವೇ ಇಲ್ಲಿ ಜೀವಾಳ. ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಬರೆಯಬೇಕು. ಬಿರುಕಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ತಹಶೀಲ್ದಾರರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದು, ಸ್ಥಳ ಮಹಜರಿಗೆ ಒತ್ತಾಯಿಸಬೇಕು.

ಪರಿಸರ ಅನುಮತಿ ಪಡೆದ ಗಣಿ ಷರತ್ತುಗಳ ಪಾಲನಾ ವರದಿಯನ್ನು ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕೊಟ್ಟು ಕೇಳಿದರೆ 30 ದಿನದೊಳಗೆ ಉತ್ತರ ಬರಬೇಕು. ಗಣಿಯವರು ಅಳೆದ ಅಂತರ್ಜಲ ಮಟ್ಟವನ್ನು ಊರಿನವರ ಲೆಕ್ಕದ ಜೊತೆ ಹೋಲಿಸಲು ಇದೇ ಸುಲಭದ ದಾರಿ. ಇನ್ನೊಂದು ಮಾತು: ಸಾರ್ವಜನಿಕ ರಸ್ತೆ ಅಥವಾ ಬೇರೆಯವರ ಕಟ್ಟಡದಿಂದ 45 ಮೀಟರ್ ಒಳಗೆ ಕಲ್ಲಿದ್ದಲಿನ ಕಂಬ ತೆಗೆಯಲು ಗಣಿ ಸುರಕ್ಷತಾ ಅಧಿಕಾರಿಗಳ ಲಿಖಿತ ಅನುಮತಿ ಬೇಕು. ಆ ಅನುಮತಿಯ ಪ್ರತಿಯನ್ನೂ ಕೇಳಬಹುದು.

ಝರಿಯಾ, ರಾಣಿಗಂಜ್‌ನವರು ಹಸಿರು ನ್ಯಾಯಮಂಡಳಿಯ ಕೋಲ್ಕತ್ತ ಪೀಠಕ್ಕೆ ಹೋಗಬೇಕು. ಹಟ್ಟಿ ಚಿನ್ನದ ಗಣಿ ಇರುವ ರಾಯಚೂರೂ ಸೇರಿ ಇಡೀ ಕರ್ನಾಟಕ ಚೆನ್ನೈ ಪೀಠದ ವ್ಯಾಪ್ತಿಯಲ್ಲಿದೆ. ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.