ರಿಪೇರಿಗೆ ವಾರಂಟಿ: ಕೊಡುವ ಮೊದಲು ಬರೆದಿಡಿ

‘ನೀವು ಮುಟ್ಟೋವರೆಗೂ ಚೆನ್ನಾಗೇ ಇತ್ತು.’ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರಲ್ಲಿ ಈ ಮಾತು ಕೇಳದವರಿಲ್ಲ. ಮಾರ್ಚ್‌ನಲ್ಲಿ ಕೀಬೋರ್ಡ್ ಬದಲಿಸಿಕೊಂಡು ಹೋದವರು ಜೂನ್‌ನಲ್ಲಿ ಸ್ಕ್ರೀನ್ ಬರುತ್ತಿಲ್ಲವೆಂದು ಬಂದು ನಿಲ್ಲುತ್ತಾರೆ. ಎರಡಕ್ಕೂ ಸಂಬಂಧವಿಲ್ಲ ಎಂದರೆ ದನಿ ಏರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಯಾಗಲಿ, ತಾಲ್ಲೂಕು ಬಸ್ ನಿಲ್ದಾಣದೆದುರಿನ ಪುಟ್ಟ ಅಂಗಡಿಯಾಗಲಿ, ಕತೆ ಒಂದೇ. ಇಂಥ ಜಗಳಗಳ ಬೇರು ಲ್ಯಾಪ್‌ಟಾಪನ್ನು ಒಳಗೆ ತೆಗೆದುಕೊಂಡ ದಿನದಲ್ಲೇ ಇರುತ್ತದೆ. ಅವತ್ತು ಯಾರೂ ಏನೂ ಬರೆದಿಟ್ಟಿರುವುದಿಲ್ಲ.

ಹೆಜ್ಜೆ 1: ಕೌಂಟರಿನಲ್ಲೇ ಆನ್ ಮಾಡಿ

ಯಂತ್ರವನ್ನು ಗ್ರಾಹಕರ ಎದುರಿಗೇ ಆನ್ ಮಾಡಿ. ಕೀಲಿಗಳು, ಕ್ಯಾಮೆರಾ, ವೈಫೈ, ಸ್ಪೀಕರ್, ಯುಎಸ್‌ಬಿ ಪೋರ್ಟ್ ಒಂದೊಂದಾಗಿ ನೋಡಿ. ಹಿಂಜ್ ಸಡಿಲವಿದೆಯೇ, ಸ್ಕ್ರೂ ಕಾಣೆಯಾಗಿದೆಯೇ, ಮೈಮೇಲೆ ಗೀರುಗಳಿವೆಯೇ, ಎಲ್ಲವೂ ಜಾಬ್ ಕಾರ್ಡಿಗೆ ಹೋಗಲಿ. ಆನ್ ಆಗದಿದ್ದರೆ ‘ಡೆಡ್, ಬೇರೇನೂ ಪರೀಕ್ಷಿಸಲಾಗಿಲ್ಲ’ ಎಂದು ಬರೆಯಿರಿ. ದೂರನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ಅವರು ‘ಸ್ಲೋ ಆಗಿದೆ’ ಎಂದರೆ ಅದೇ ಇರಲಿ, ನಿಮ್ಮ ಊಹೆ ಬೇಡ. ಮುಚ್ಚಳ ತೆಗೆದ ಮೇಲೆ ರ‍್ಯಾಮ್, ಎಸ್‌ಎಸ್‌ಡಿಗಳ ಸೀರಿಯಲ್ ನಂಬರಿನ ಫೋಟೊ ತೆಗೆದು ಅವರಿಗೆ ವಾಟ್ಸ್ಆ್ಯಪ್ ಮಾಡಿ. ‘ನನ್ನ ಒರಿಜಿನಲ್ ಪಾರ್ಟ್ ಬದಲಿಸಿದ್ದೀರಿ’ ಎಂಬ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಇಷ್ಟಕ್ಕೆ ಐದು ನಿಮಿಷ ಸಾಕು. ಕ್ಯೂ ಇದ್ದಾಗ ಬಿಟ್ಟುಬಿಡೋಣ ಅನ್ನಿಸುತ್ತದೆ, ಬಿಡಬೇಡಿ.

ಕಂಪನಿ ವಾರಂಟಿ ಇನ್ನೂ ಉಳಿದಿದೆಯೇ ಎಂದೂ ಕೇಳಿ. ಉಳಿದಿದ್ದರೆ ಬಿಚ್ಚಬೇಡಿ, ಸರ್ವಿಸ್ ಸೆಂಟರ್‌ಗೆ ಕಳಿಸಿ. ಒಂದು ಕೆಲಸ ಕೈತಪ್ಪಿದರೂ ಆ ಮನುಷ್ಯ ಮುಂದೆ ನಿಮ್ಮ ಬಳಿಗೇ ಬರುತ್ತಾನೆ.

ಹೆಜ್ಜೆ 2: ಡೇಟಾ ಬಗ್ಗೆ ಬಾಯಿಬಿಟ್ಟು ಕೇಳಿ

ಅತಿ ಕೆಟ್ಟ ಜಗಳಗಳು ಬಿಡಿಭಾಗಕ್ಕಲ್ಲ, ಫೋಟೊಗಳಿಗೆ ನಡೆಯುತ್ತವೆ. ಮಗಳ ಮದುವೆಯ ಚಿತ್ರಗಳೋ ಲೆಕ್ಕಪರಿಶೋಧಕರ ಟ್ಯಾಲಿ ಫೈಲೋ ಹೋದರೆ ಹೊಸ ಲ್ಯಾಪ್‌ಟಾಪ್ ಕೊಡಿಸಿದರೂ ಸಮಾಧಾನವಿಲ್ಲ. ‘ಬ್ಯಾಕಪ್ ಇದೆಯಾ?’ ಎಂದು ಕೇಳಿ, ಉತ್ತರ ಬರೆದು, ಸಹಿ ಹಾಕಿಸಿ. ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಪ್ರಯೋಗ ಮಾಡದೆ ಡೇಟಾ ರಿಕವರಿಯವರ ಹತ್ತಿರ ಕಳಿಸಿ. ಓಡಿಸಿದಷ್ಟೂ ಒಳಗಿನ ತಟ್ಟೆ ಗೀರು ಬಿದ್ದು ಇನ್ನಷ್ಟು ಹಾಳಾಗಬಹುದು.

ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನಾಗಿಯೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟಿರುತ್ತದೆ. ಮದರ್‌ಬೋರ್ಡ್ ಬದಲಿಸಿದರೆ, ಕೆಲವೊಮ್ಮೆ ಬರೀ ಬಯೋಸ್ ಅಪ್‌ಡೇಟ್ ಮಾಡಿದರೂ, ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆ ಮಾಡಿಕೊಟ್ಟವನು ಲ್ಯಾಪ್‌ಟಾಪ್ ಮಾರಿದ ಹುಡುಗ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ ಅಂದರೆ ಡೇಟಾ ಹೋದಂತೆಯೇ. ಬಿಚ್ಚುವ ಮೊದಲೇ ಕೀ ಕೇಳಿ ಪಡೆದುಕೊಳ್ಳಿ.

ಹೆಜ್ಜೆ 3: ಯಾವುದಕ್ಕೆ ವಾರಂಟಿ, ಎಷ್ಟು ದಿನ?

ರಿಪೇರಿಯವರು ಕೊಡುವ ವಾರಂಟಿ ಮಾಡಿದ ಕೆಲಸಕ್ಕೆ, ಇಡೀ ಯಂತ್ರಕ್ಕಲ್ಲ. ಈ ಮಾತು ಬಿಲ್ಲಿನ ಮೇಲೆ ದಪ್ಪಕ್ಷರದಲ್ಲಿರಲಿ. ಬಿಡಿಭಾಗದ ವಾರಂಟಿ ತಯಾರಕರದು; ಎಸ್‌ಎಸ್‌ಡಿಗಳಿಗೆ ಸಾಮಾನ್ಯವಾಗಿ 3 ಅಥವಾ 5 ವರ್ಷ. ಅದು ಕೆಟ್ಟಾಗ ಕಂಪನಿಯಿಂದ ಬದಲಿ ಬರುವವರೆಗೆ ಕಾಯಬೇಕಾಗುತ್ತದೆ ಎಂಬುದನ್ನೂ, ಒಳಗಿದ್ದ ಡೇಟಾ ವಾಪಸ್ ಬರುವುದಿಲ್ಲ ಎಂಬುದನ್ನೂ ಮೊದಲೇ ಹೇಳಿ. ಕೂಲಿಯ ವಾರಂಟಿ ನಿಮ್ಮದು. 30 ದಿನವೋ 90 ದಿನವೋ ನೀವೇ ನಿಶ್ಚಯಿಸಿ, ಎಲ್ಲರಿಗೂ ಒಂದೇ ಇಡಿ.

ಚಹಾ ಬಿದ್ದ ಬೋರ್ಡಿನ ವಿಷಯ ಬೇರೆ. ತೊಳೆದು, ಸುಟ್ಟ ಐಸಿ ಬದಲಿಸಿ ಇವತ್ತು ಓಡಿಸಬಹುದು, ಆದರೆ ಚಿಪ್‌ಗಳ ಅಡಿಯಲ್ಲಿ ಉಳಿದ ತುಕ್ಕು ತಿನ್ನುತ್ತಲೇ ಇರುತ್ತದೆ. ರೀಬಾಲಿಂಗ್ ಮಾಡಿದ ಗ್ರಾಫಿಕ್ಸ್ ಚಿಪ್ಪೂ ಅಷ್ಟೇ, ಎಷ್ಟು ದಿನ ಬಾಳುತ್ತದೆಂದು ಮಾಡಿದವನಿಗೂ ಗೊತ್ತಿರುವುದಿಲ್ಲ. ಇಂಥವಕ್ಕೆ ಉದ್ದ ವಾರಂಟಿ ಕೊಡುವುದು ಧಾರಾಳತನವೆಂದು ನನಗನ್ನಿಸುವುದಿಲ್ಲ, ಸುಳ್ಳು ಅನ್ನಿಸುತ್ತದೆ. ‘ಏಳು ದಿನ ಮಾತ್ರ’ ಎಂದು ಹಣ ಪಡೆಯುವ ಮೊದಲೇ ಹೇಳಿ. ಬೇಡವೆಂದರೆ ಪರೀಕ್ಷಾ ಶುಲ್ಕ ಮಾತ್ರ ತೆಗೆದುಕೊಂಡು ಕಳಿಸಿಕೊಡಿ. ವೈರಸ್, ಪೈರೇಟೆಡ್ ಸಾಫ್ಟ್‌ವೇರ್, ಸಿಡಿಲು, ಬಿದ್ದು ಒಡೆದದ್ದು ವಾರಂಟಿಯಲ್ಲಿಲ್ಲ ಎಂಬುದೂ ಬಿಲ್ಲಿನಲ್ಲಿರಲಿ.

ಕಾನೂನು ಎಲ್ಲಿ ನಿಲ್ಲುತ್ತದೆ?

‘ಏನೂ ಬರೆಯದಿದ್ದರೆ ಸಿಕ್ಕಿಹಾಕಿಕೊಳ್ಳುವುದಿಲ್ಲ’ ಎಂಬ ನಂಬಿಕೆ ಅಂಗಡಿಗಳಲ್ಲಿದೆ. ಅದು ತಲೆಕೆಳಗು. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ವಾಪಸ್ ಪಡೆದು, ಅಥವಾ ಕೊರತೆಯಿರುವ ಸೇವೆಯನ್ನು ಹಿಂತೆಗೆದುಕೊಂಡು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಣ ಮರಳಿಸಲು ಒಪ್ಪದಿರುವುದೂ ಅಂಥದ್ದೇ. ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ ಕಾಯ್ದೆ 30 ದಿನ ಎಂದು ಹಿಡಿಯುತ್ತದೆ. ಗ್ರಾಹಕ ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬೇರೆಯವರಿಗೆ ತಿಳಿಸುವುದೂ ಅನುಚಿತ ಪದ್ಧತಿಯೇ; ಅಂಗಡಿಯ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, ವಕೀಲರು ಬೇಕೆಂದೇನಿಲ್ಲ, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವೂ ಇಲ್ಲ. ಹಾಗಾಗಿ ಜಾಬ್ ಕಾರ್ಡ್‌ಗಳನ್ನು ಕನಿಷ್ಠ ಎರಡು ವರ್ಷ ಕಾಪಾಡಿ.

ನಿಮ್ಮ ಪರವಾಗಿಯೂ ಕಾನೂನಿದೆ. 1872ರ ಕರಾರು ಕಾಯ್ದೆಯ ಕಲಂ 170ರಂತೆ, ಮಾಡಿದ ಕೆಲಸದ ಕೂಲಿ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಹಳೆಯ ಬೇರೆ ಬಾಕಿಗಾಗಿ ಇಟ್ಟುಕೊಳ್ಳುವಂತಿಲ್ಲ. ಈ ಹಕ್ಕು ಇಟ್ಟುಕೊಳ್ಳುವುದಕ್ಕಷ್ಟೇ, ಮಾರುವುದಕ್ಕಲ್ಲ. ತಿಂಗಳುಗಟ್ಟಲೆ ಯಾರೂ ಬಾರದ ಲ್ಯಾಪ್‌ಟಾಪಿನಿಂದ ರ‍್ಯಾಮ್ ಕಿತ್ತು ಇನ್ನೊಂದಕ್ಕೆ ಹಾಕಿದರೆ ತಪ್ಪು ನಿಮ್ಮದೇ.

ಹೆಜ್ಜೆ 4: ಜಗಳಕ್ಕೇ ಬಂದವರು

ಮೊದಲು ಕೂರಿಸಿ, ಪೂರ್ತಿ ಮಾತಾಡಲು ಬಿಡಿ. ಆಮೇಲೆ ಜಾಬ್ ಕಾರ್ಡ್ ತೆಗೆದು, ಅವರೆದುರಿಗೇ ಉಚಿತವಾಗಿ ಪರೀಕ್ಷಿಸಿ. ಅವರು ಹೇಳುವುದು ಸರಿ ಇರಬಹುದು; ಕೂಗಾಡುವವರ ಮಾತೆಲ್ಲ ಸುಳ್ಳಾಗಿರಬೇಕಿಲ್ಲ. ನಮ್ಮ ತಪ್ಪಾಗಿದ್ದರೆ ಚೌಕಾಶಿ ಇಲ್ಲದೆ ಸರಿಮಾಡಿ, ಅದೇ ದೋಷ ಮತ್ತೆ ಬಂದರೆ ಹಣ ವಾಪಸ್ ಕೊಡಿ.

ತಪ್ಪು ನಮ್ಮದಲ್ಲದಿದ್ದರೆ ಹೀಗೆ ಹೇಳಿ: ‘ಸಾರ್, ನಾವು ಹಾಕಿದ ಕೀಬೋರ್ಡ್ ಕೆಲಸ ಮಾಡ್ತಿದೆ, ನೀವೇ ಒತ್ತಿ ನೋಡಿ. ಸ್ಕ್ರೀನ್ ತೊಂದರೆ ಬೇರೆ. ಎಷ್ಟಾಗುತ್ತೆ ಅಂತ ಬರೆದು ಕೊಡ್ತೀನಿ, ಬೇಡ ಅಂದ್ರೆ ಹಾಗೇ ತಗೊಂಡ್ಹೋಗಿ.’ ಬಾಯಿ ಮುಚ್ಚಿಸಲೆಂದು ಪುಕ್ಕಟೆ ಮಾಡಿಕೊಡಬೇಡಿ. ಮಾಡಿದರೆ ಸ್ಕ್ರೀನಿನ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ. ಹಳೆಯ ಗಿರಾಕಿಗೆ ರ‍್ಯಾಮ್ ತೆಗೆದು ಒರೆಸಿ ಹಾಕಿಕೊಡುವುದು ಬೇರೆ, ಅದನ್ನೂ ಬಿಲ್ಲಿನಲ್ಲಿ ‘ಉಚಿತ’ ಎಂದು ನಮೂದಿಸಿ.

ಗೂಗಲ್‌ನಲ್ಲಿ ಒಂದು ನಕ್ಷತ್ರ ಕೊಡುತ್ತೇನೆಂದರೆ ಕೊಡಲಿ. ಅಲ್ಲಿ ತಾರೀಖು ಮತ್ತು ಮಾಡಿದ ಕೆಲಸ ಹೇಳಿ ಒಂದೇ ಉತ್ತರ ಬರೆಯಿರಿ, ಅವರ ಹೆಸರು, ಫೋನ್ ನಂಬರ್ ಬೇಡ. ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದರೆ ‘ಹೋಗ್ರೀ’ ಎಂದು ಸವಾಲು ಹಾಕದೆ, ಜಾಬ್ ಕಾರ್ಡ್ ಮತ್ತು ಬಿಲ್ಲಿನ ನಕಲು ಕೊಟ್ಟು ಕಳಿಸಿ. ಕೈ ಎತ್ತಿದರೆ 112ಕ್ಕೆ ಕರೆ ಮಾಡಿ.

ಎಷ್ಟು ಮಾಡಿದರೂ ತೃಪ್ತಿಯಾಗದ ಕೆಲವರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರ ಮುಂದಿನ ಯಂತ್ರವನ್ನು ಒಳಗೆ ತೆಗೆದುಕೊಳ್ಳಲೇಬೇಕೆಂಬ ನಿಯಮವಿಲ್ಲ. ‘ಇದು ನಮ್ಮಲ್ಲಿ ಆಗಲ್ಲ ಸಾರ್’ ಎಂದು ಮೊದಲ ದಿನವೇ ಹೇಳಿಬಿಡಿ.