ಬಿಚ್ಚುವ ಮೊದಲು ಬ್ಯಾಟರಿ ನೀರು

ತೊಪ್ಪೂರು ಘಾಟಿ ಇಳಿಯುವ ಬಸ್ಸಿನಲ್ಲಿ ಇಂಕ್ ಟ್ಯಾಂಕ್ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಧರ್ಮಪುರಿಯಿಂದ ಸೇಲಂಗೆ ಹೊರಟವರು, ಊರು ಮುಟ್ಟುವ ಹೊತ್ತಿಗೆ ಪಂಚೆಗೆಲ್ಲ ನೀಲಿ, ಕೆಂಪು, ಹಳದಿ ಮೆತ್ತಿಸಿಕೊಂಡಿರುತ್ತಾರೆ. ಯಂತ್ರ ವಾಲಿದರೆ ಟ್ಯಾಂಕಿನ ಇಂಕು ಹೊರಗೆ ಹರಿಯುತ್ತದೆ, ಕೊಳವೆಯೊಳಕ್ಕೆ ಗಾಳಿ ಹೊಗುತ್ತದೆ. ಎಪ್ಸನ್ ಎಲ್-110, ಎಲ್-210ರಂಥ ಹಳೆಯ ಮಾದರಿಗಳ ಪಕ್ಕದಲ್ಲಿ ಸಾಗಣೆಗೆಂದೇ ಒಂದು ತಿರುಗುಣಿ ಇದೆ. ಅದನ್ನು ತಿರುಗಿಸಿದರೆ ಇಂಕಿನ ಹರಿವು ನಿಲ್ಲುತ್ತದೆ. ಅಂಥದ್ದೊಂದು ಇದೆಯೆಂದು ಗೊತ್ತಿರುವ ಗಿರಾಕಿ ಅಪರೂಪ. ಒಂದು ಕಾಯಿಲೆಯೊಂದಿಗೆ ಹೊರಟ ಯಂತ್ರ ಅಂಗಡಿ ಸೇರುವಾಗ ಎರಡು ಕಾಯಿಲೆ ಅಂಟಿಸಿಕೊಂಡಿರುತ್ತದೆ. ಮನೆಯಲ್ಲೇ ಬಿಚ್ಚಿ ನೋಡಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಪೆನ್ನಾಗರಂ, ಮೆಟ್ಟೂರು ಕಡೆಯ ಕನ್ನಡ ಮನೆಗಳಲ್ಲಿ ಪ್ರಿಂಟರ್ ಮಾಡುವ ಕೆಲಸ ಬೇರೆ ಊರಿನದಕ್ಕಿಂತ ಭಿನ್ನವೇನಲ್ಲ. ಜಮೀನಿನ ಪಟ್ಟಾ-ಚಿಟ್ಟಾ ನಕಲು, ಜಿಎಸ್‌ಟಿ ಬಿಲ್ಲು, ಮಕ್ಕಳ ಪ್ರಾಜೆಕ್ಟು. ಒಂದು ದಿನ ನೂರು ಹಾಳೆ, ಆಮೇಲೆ ಹದಿನೈದು ದಿನ ಸುಮ್ಮನೆ. ಇಂಕ್‌ಜೆಟ್ ಯಂತ್ರವನ್ನು ಕೊಲ್ಲುವುದು ಆ ನೂರು ಹಾಳೆಯಲ್ಲ, ಆ ಹದಿನೈದು ದಿನ.

ಧರ್ಮಪುರಿಯ ಬಸ್ ನಿಲ್ದಾಣದ ಹತ್ತಿರದ ಗಲ್ಲಿಯೊಂದರಲ್ಲಿ ಪ್ರಿಂಟರ್ ರಿಪೇರಿ ಮಾಡುವ, ಮನೆಯಲ್ಲಿ ಕನ್ನಡ ಆಡುವ ಮೆಕ್ಯಾನಿಕ್ ಒಬ್ಬರು ಇದನ್ನೇ ಹೇಳುತ್ತಿದ್ದರು: "ಹೆಡ್ ಹೋಯ್ತು ಅಂತ ಎಲ್ಲಾ ಬರ್ತಾರೆ ಸಾರ್. ನಿಜವಾಗ್ಲೂ ಹೋಗಿರೋದು ಒಂದೋ ಎರಡೋ. ಮಿಕ್ಕಿದ್ದೆಲ್ಲಾ ಒಣಗಿರೋದು."

ಹೆಡ್ ಎಂದರೆ ಕಾಗದದ ಮೇಲೆ ಆಚೀಚೆ ಓಡುತ್ತ ಹನಿ ಉಗುಳುವ ಭಾಗ. ಕೂದಲಿಗಿಂತ ತೆಳುವಾದ ರಂಧ್ರಗಳು ಅದರ ಅಡಿಯಲ್ಲಿ ಸಾಲಾಗಿವೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಹೆಡ್ ಯಾವ ಜಾತಿಯದು? ಕ್ಯಾನನ್, ಎಚ್‌ಪಿ ಯಂತ್ರಗಳಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿಯನ್ನು ತಳ್ಳುತ್ತಾರೆ. 1977ರಲ್ಲಿ ಕ್ಯಾನನ್ ಸಂಶೋಧಕ ಇಚಿರೋ ಎಂಡೋ ಅವರ ಬೆಸುಗೆ ಕಡ್ಡಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಾಕಿತು, ಇಂಕು ಚಿಮ್ಮಿತು, ಅಲ್ಲಿಂದ ಈ ವಿದ್ಯೆ ಹುಟ್ಟಿತು ಎಂದು ಆ ಕಂಪನಿ ಹೇಳಿಕೊಳ್ಳುತ್ತದೆ. ಎಪ್ಸನ್ ಕಾಯಿಸುವುದಿಲ್ಲ. ಅಲ್ಲಿ ವಿದ್ಯುತ್ತು ಕೊಟ್ಟಾಗ ಬಾಗುವ ಪೀಜೋ ಪದರ ಇಂಕನ್ನು ಅದುಮಿ ಹೊರಡಿಸುತ್ತದೆ. ಗ್ರಾಹಕನಿಗೆ ಇದರಿಂದ ಆಗುವ ವ್ಯತ್ಯಾಸ ದುಡ್ಡಿನದು. ಎಚ್‌ಪಿಯ ಮನೆಬಳಕೆಯ ಬಹುತೇಕ ಕಾರ್ಟ್ರಿಡ್ಜ್ ಯಂತ್ರಗಳಲ್ಲಿ ಹೆಡ್ ಕಾರ್ಟ್ರಿಡ್ಜಿನ ಜೊತೆಗೇ ಬರುತ್ತದೆ, ಅದನ್ನು ಬದಲಿಸಿದರೆ ಹೆಡ್ಡೂ ಹೊಸದು. ಕ್ಯಾನನ್ನಿನ ಜಿ ಸರಣಿಯಲ್ಲಿ ಹೆಡ್ ಬೇರೆಯಾಗಿ ಕಳಚಿಕೊಳ್ಳುತ್ತದೆ. ಎಪ್ಸನ್ನಿನಲ್ಲಿ ಅದು ಯಂತ್ರದ ಅಂಗ, ಹೊಸ ಹೆಡ್ ಹಾಕಿಸುವ ಖರ್ಚಿನಲ್ಲಿ ಹೊಸ ಪ್ರಿಂಟರಿಗೆ ಅರ್ಧ ದಾರಿ ಸಾಗಿರುತ್ತೀರಿ. ಹಾಗಾಗಿ ಎಪ್ಸನ್ ಹೆಡ್ಡನ್ನು ಬದಲಿಸುವ ಮಾತು ಬಿಟ್ಟು ಬದುಕಿಸುವ ಮಾತನ್ನೇ ಆಡಬೇಕು.

ಒಣಗುವುದಕ್ಕೆ ಈ ಸೀಮೆಯಲ್ಲಿ ಕಾರಣಗಳು ಹೇರಳ. ಚೈತ್ರ, ವೈಶಾಖದ ಸೇಲಂ ಬಿಸಿಲು ಒಂದು. ಕರೆಂಟು ಇನ್ನೊಂದು. ಪ್ರಿಂಟರನ್ನು ಅದರದೇ ಗುಂಡಿಯೊತ್ತಿ ಆರಿಸಿದರೆ ಹೆಡ್ ಬಲತುದಿಗೆ ಹೋಗಿ ರಬ್ಬರಿನ ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ, ರಂಧ್ರಗಳು ಗಾಳಿಯಿಂದ ಮರೆಯಾಗುತ್ತವೆ. ನಡುವೆ ಕರೆಂಟು ಹೋದರೆ, ಅಥವಾ ಗೋಡೆಯ ಸ್ವಿಚ್ಚನ್ನೇ ಒತ್ತಿ ಎದ್ದುಹೋದರೆ, ಹೆಡ್ ದಾರಿ ಮಧ್ಯೆ ಬಾಯಿ ತೆರೆದುಕೊಂಡು ನಿಂತುಬಿಡುತ್ತದೆ. 2012ರಲ್ಲಿ ಚೆನ್ನೈ ಬಿಟ್ಟು ತಮಿಳುನಾಡಿನ ಉಳಿದ ಜಿಲ್ಲೆಗಳಲ್ಲಿ ದಿನಕ್ಕೆ 10-12 ಗಂಟೆ ಕರೆಂಟು ಇಲ್ಲದ ಕಾಲವೊಂದಿತ್ತು. ಭಾರತದ ಪೇಟೆಗೆ ಇಂಕ್ ಟ್ಯಾಂಕ್ ಪ್ರಿಂಟರುಗಳು ಬಂದು ಹೆಚ್ಚು ದಿನವಾಗಿರಲಿಲ್ಲ. ಆ ವರ್ಷ ಎಷ್ಟೋ ಮನೆಗಳು ಇನ್‌ವರ್ಟರ್ ಕೊಂಡವು. ಇನ್‌ವರ್ಟರಿನ ಬ್ಯಾಟರಿಗೆ ಎರೆಯುವ ಡಿಸ್ಟಿಲ್ಡ್ ನೀರಿನ ಕ್ಯಾನು ಅಂದಿನಿಂದ ಮೂಲೆಯಲ್ಲಿ ಕುಳಿತಿದೆ. ಹೆಡ್ಡಿಗೆ ಔಷಧಿಯೂ ಅದೇ ನೀರು.

ನಲ್ಲಿ ನೀರು ಯಾಕಾಗದು ಎಂದು ಕೇಳುವವರು ಧರ್ಮಪುರಿಯ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಲಿ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಎಷ್ಟಿತ್ತೆಂದರೆ ಹಲ್ಲು, ಮೂಳೆ ಉಳಿಸಲೆಂದೇ ಜಪಾನಿನ ಸಾಲ ಪಡೆದು ಕಾವೇರಿ ನೀರು ತರುವ ಹೊಗೇನಕಲ್ ಯೋಜನೆ ಮಾಡಬೇಕಾಯಿತು. 2013ರಲ್ಲಿ ಅದು ಚಾಲನೆಗೆ ಬಂತು. ಹೆಡ್ಡಿಗೆ ಫ್ಲೋರೈಡಿಗಿಂತ ನೀರಿನ ಸುಣ್ಣದ ಅಂಶವೇ ಶತ್ರು. ನೀರು ಆರಿದ ಮೇಲೆ ಉಳಿಯುವ ಆ ಬಿಳಿ ಪದರ ಒಣ ಇಂಕಿಗಿಂತ ಗಟ್ಟಿ. ಅಂಗಡಿಯಲ್ಲಿ ಕೊಳ್ಳುವಾಗ ಮಾತ್ರ ಎಚ್ಚರ ಬೇಕು: ಬ್ಯಾಟರಿ ನೀರಿನ ಪಕ್ಕದಲ್ಲೇ ಬ್ಯಾಟರಿ ಆಸಿಡ್ಡಿನ ಕ್ಯಾನೂ ಇರುತ್ತದೆ.

ಹೆಡ್ಡಿನ ಅಡಿಗೆ ಕೈ ಹಾಕಲು ಒಂದು ಉಪಾಯವಿದೆ, ಅದು ಮೇಲೆ ಮಾಡಬಾರದೆಂದದ್ದನ್ನೇ ಬೇಕೆಂದು ಮಾಡುವುದು. ಯಂತ್ರ ಚಾಲೂ ಮಾಡಿ, ಹೆಡ್ ಮೂಲೆ ಬಿಟ್ಟು ಹೊರಟ ಕೂಡಲೇ ಪ್ಲಗ್ ಕೀಳಬೇಕು. ಈಗ ಅದು ಬೆರಳಿಗೆ ಬಗ್ಗುತ್ತದೆ. ಮಡಿಸಿದ ಟಿಶ್ಯೂ ಕಾಗದವನ್ನು ಬ್ಯಾಟರಿ ನೀರಿನಲ್ಲಿ ನೆನೆಸಿ ಅಡಿಗೆ ಸರಿಸಿ, ಹೆಡ್ಡನ್ನು ಅದರ ಮೇಲೆ ತಂದು ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಟಿಶ್ಯೂ ಮೇಲೆ ನಾಲ್ಕೂ ಬಣ್ಣದ ಗೆರೆ ಮೂಡಿದ್ದರೆ ಅರ್ಧ ಕೆಲಸ ಮುಗಿದಂತೆ. ಮೆಡಿಕಲ್ ಅಂಗಡಿಯ ಸಿರಿಂಜು, ಡ್ರಿಪ್ ಕೊಳವೆಯ ತುಂಡು ಸೇರಿಸಿ ಮೇಲಿನಿಂದ ನೀರು ತಳ್ಳುವ ಪದ್ಧತಿಯೂ ಉಂಟು. ಅಲ್ಲಿ ಬಲ ಕೂಡದು. ಜೋರಾಗಿ ಒತ್ತಿದರೆ ಒಳಗಿನ ಪದರ ಹರಿದು ಬಣ್ಣಗಳು ಒಂದರೊಳಗೊಂದು ಬೆರೆಯುತ್ತವೆ, ಆಮೇಲೆ ಯಾವ ನೀರೂ ಕೆಲಸಕ್ಕೆ ಬಾರದು.

ಇಷ್ಟಕ್ಕೆ ಸರಿಹೋಗದಿದ್ದರೆ ಬಿಚ್ಚುವುದು. ಮೊದಲು ಮೇಲಿನ ಸ್ಕ್ಯಾನರ್, ಆಮೇಲೆ ಹೊರಕವಚ, ಆಮೇಲೆ ಟ್ಯಾಂಕು. ಸ್ಕ್ರೂಗಳೆಲ್ಲ ನೋಡಲು ಒಂದೇ, ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಹಳೆಯ ಪಣಿಯಾರದ ಚಟ್ಟಿ ಮೀಸಲು: ಒಂದು ಹಂತದ ಸ್ಕ್ರೂ ಒಂದು ಗುಳಿಗೆ, ಬಿಚ್ಚಿದ ಕ್ರಮದಲ್ಲೇ. ಫೋನಿನಲ್ಲಿ ಫೋಟೋ ತೆಗೆಯುವುದೂ ಒಳ್ಳೆಯದೇ, ಆದರೆ ಫೋಟೋದಲ್ಲಿ ಸ್ಕ್ರೂವಿನ ಉದ್ದ ಕಾಣುವುದಿಲ್ಲ. ಮರಳಿ ಹಾಕುವಾಗ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಬೇಕು. 'ಟಿಕ್' ಎಂದು ಹಳೆಯ ಗೀರಿಗೆ ಬಿದ್ದ ಮೇಲೆ ಬಲಕ್ಕೆ. ಸ್ಕ್ಯಾನರಿನಿಂದ ಬೋರ್ಡಿಗೆ ಬರುವ ಚಪ್ಪಟೆ ಕೇಬಲ್ ವಾರೆಯಾಗಿ ಕೂತರೆ ಯಂತ್ರ ಹೊಸ ತಕರಾರು ಶುರುಮಾಡುತ್ತದೆ. ಅದನ್ನು ಕೀಳುವ ಮುನ್ನ ಯಾವ ಮುಖ ಮೇಲಿತ್ತೆಂದು ಪೆನ್ನಿನಲ್ಲಿ ಗುರುತು ಹಾಕುವುದು ಲೇಸು.

ಕವಚ ತೆಗೆದ ಮೇಲೆ ಹೆಡ್ಡಿನ ಹಿಂದೆ ಅಗಲಕ್ಕೂ ಚಾಚಿದ ಪಾರದರ್ಶಕ ಪಟ್ಟಿಯೊಂದು ಕಾಣುತ್ತದೆ. ನಿಜಕ್ಕೂ ಅದು ಕಾಣುವುದೇ ಕಷ್ಟ, ಅದಕ್ಕೇ ಕೈತಾಗಿ ಕಿತ್ತುಬರುತ್ತದೆ. ಇದು ಎನ್‌ಕೋಡರ್ ಪಟ್ಟಿ. ಇದರ ಮೇಲಿನ ಸೂಕ್ಷ್ಮ ಗೆರೆಗಳನ್ನು ಓದಿಯೇ ಹೆಡ್ ತಾನೆಲ್ಲಿದ್ದೇನೆಂದು ತಿಳಿಯುವುದು. ಸೇಲಂನ ಅಮ್ಮಾಪೇಟೆಯಂಥ ಮಗ್ಗದ ಪೇಟೆಗಳಲ್ಲಿ ಈ ಪಟ್ಟಿಯ ಕಥೆಯೇ ಬೇರೆ. ಪವರ್‌ಲೂಮ್ ಪಕ್ಕದ ಕೋಣೆಯಲ್ಲೇ ಬಿಲ್ಲು ಬರೆಯುವ ಮೇಜು, ಅದರ ಮೇಲೆ ಪ್ರಿಂಟರ್. ಮನೆಮಾತು ಕನ್ನಡವಿರುವ ದೇವಾಂಗ ನೇಕಾರರೊಬ್ಬರ ಪ್ರಿಂಟರಿನ ಹೆಡ್ ಚಾಲೂ ಮಾಡಿದ ಕೂಡಲೇ ಓಡಿ ಎಡಗೋಡೆಗೆ ಡಿಕ್ಕಿ ಹೊಡೆದು ನಿಲ್ಲುತ್ತಿತ್ತು. ಮೋಟಾರ್ ಹೋಗಿದೆ ಎಂದು ಯಾರೋ ಹೇಳಿದ್ದರು. ಹೋಗಿದ್ದುದು ಏನೂ ಇಲ್ಲ. ನೂಲಿನ ಜುಂಗು ಗ್ರೀಸಿನೊಂದಿಗೆ ಸೇರಿ ಪಟ್ಟಿಯ ಗೆರೆಗಳನ್ನು ಮುಚ್ಚಿತ್ತು. ಬ್ಯಾಟರಿ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಹಗುರಾಗಿ ಒರೆಸಿದ್ದೇ ರಿಪೇರಿ. ಥಿನ್ನರ್ ಹಾಕಿ ಒರೆಸಿದ್ದರೆ ಗೆರೆಗಳೇ ಅಳಿಸಿಹೋಗುತ್ತಿದ್ದವು.

ಹಿಂಬದಿಯಿಂದ ಕಾಗದ ನುಂಗುವ ಮಾದರಿಗಳ ಹೊಟ್ಟೆಯಲ್ಲಿ ಸಿಗುವ ವಸ್ತುಗಳ ಪಟ್ಟಿ ಬೆಳೆಸಬೇಕಿಲ್ಲ. ಪೆನ್ನಿನ ಮುಚ್ಚಳ, ಹೇರ್‌ಪಿನ್, ಒಂದು ರೂಪಾಯಿ ನಾಣ್ಯ, ಒಮ್ಮೆ ಒಣಗಿದ ಹಲ್ಲಿ. ಕಾಗದ ಸಿಕ್ಕಿಕೊಂಡಿದೆ ಎಂಬ ದೂರು ಬಂದಾಗ ಮೊದಲು ಯಂತ್ರಕ್ಕೆ ಟಾರ್ಚು ಬಿಡಬೇಕು.

ಬಿಚ್ಚಿದವರಿಗೆ ಮಾತ್ರ ಕಾಣುವ ಇನ್ನೊಂದು ಭಾಗ ತಳದ ಪ್ಯಾಡು. ಹೆಡ್ ಕ್ಲೀನಿಂಗ್ ಎಂದು ಗುಂಡಿ ಒತ್ತಿದಾಗಲೆಲ್ಲ ಪಂಪು ಇಂಕನ್ನು ಹೀರಿ ಈ ಪ್ಯಾಡಿಗೆ ಸುರಿಯುತ್ತದೆ. ಎಷ್ಟು ಸುರಿದಿದ್ದೇನೆಂದು ಯಂತ್ರ ಲೆಕ್ಕ ಇಡುತ್ತದೆ, ಲೆಕ್ಕ ಭರ್ತಿಯಾದ ದಿನ ಕೆಲಸ ನಿಲ್ಲಿಸುತ್ತದೆ. ಕ್ಯಾನನ್ನಿನಲ್ಲಿ 5ಬಿ00 ಎಂಬ ಸಂಖ್ಯೆ ತೋರಿಸಿದರೆ ಅರ್ಥ ಇದೇ. ಪ್ಯಾಡನ್ನು ಅಳೆಯುವ ಸೆನ್ಸರ್ ಅಲ್ಲಿಲ್ಲ, ಇರುವುದು ಬರೀ ಎಣಿಕೆ. ಅಂಗಡಿಯವರು ಸಾಫ್ಟ್‌ವೇರಿನಿಂದ ಆ ಎಣಿಕೆಯನ್ನು ಸೊನ್ನೆಗೆ ತರುತ್ತಾರೆ. ಅಷ್ಟನ್ನೇ ಮಾಡಿ ಪ್ಯಾಡು ಮುಟ್ಟದೆ ಕಳಿಸಿದರೆ ಕೆಲವೇ ತಿಂಗಳಲ್ಲಿ ಮೇಜಿನ ಮೇಲೆ ಇಂಕಿನ ಕೆರೆ. ಪ್ಯಾಡನ್ನು ತೊಳೆದು ಮಹಡಿಯ ಮೇಲೆ ಹರವಿದರೆ ಸೇಲಂ ಬಿಸಿಲಿಗೆ ಬೇಗನೆ ಒಣಗುತ್ತದೆ. ಪ್ರಿಂಟರಿಗೆ ಈ ಬಿಸಿಲು ಮಾಡುವ ಉಪಕಾರ ಇದೊಂದೇ ಇರಬೇಕು. ಕೆಲವರು ಕೊಳವೆಯನ್ನು ಹೊರಗೆಳೆದು ಬಾಟಲಿಗೆ ಬಿಡುತ್ತಾರೆ. ನೋಡಲು ಚೆನ್ನಾಗಿಲ್ಲ, ಆದರೆ ಎಷ್ಟು ಇಂಕು ಬರೀ ಕ್ಲೀನಿಂಗಿಗೇ ಹೋಗುತ್ತಿದೆಯೆಂದು ಕಣ್ಣಿಗೆ ರಾಚುತ್ತದೆ, ಗುಂಡಿಯ ಮೇಲಿನ ಬೆರಳು ತಾನಾಗಿ ಹಿಂದೆ ಸರಿಯುತ್ತದೆ.

ಬಿಚ್ಚಬಾರದ್ದೂ ಇದೆ. ಕರೆಂಟು ಪೆಟ್ಟಿಗೆಯ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಹೊಡೆಯಬಲ್ಲವು. ಹೆಡ್ಡಿನ ಚಪ್ಪಟೆ ಕೇಬಲ್ಲಿನ ತುದಿಗೆ ಒಂದು ಹನಿ ನೀರು ತಾಗಿದ್ದಾಗ ಚಾಲೂ ಮಾಡಿದರೆ ಹೆಡ್ಡಿನ ಜೊತೆಗೆ ಬೋರ್ಡೂ ಸುಡುತ್ತದೆ. ಇವು ಬಂದಾಗ ಮೆಕ್ಯಾನಿಕ್ಕಿನ ಹತ್ತಿರ ಹೋಗುವುದೇ ಸರಿ, ತಿರುಗುಣಿ ತಿರುಗಿಸಿಕೊಂಡು.

ಅವರ ಕೈಗೂ ಆಗದ ಯಂತ್ರ ಅಂಗಡಿಯ ಅಟ್ಟ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹಳೆಯ ಪ್ರಿಂಟರುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಧರ್ಮಪುರಿಯ ಅಟ್ಟಗಳಲ್ಲಿ ನಡೆಯುವ ವಿಲೇವಾರಿ ಬೇರೆ. ಕಾಗದ ಎಳೆಯುವ ರೋಲರು ಮೊದಲು ಕಳಚಿಹೋಗುತ್ತದೆ, ಆಮೇಲೆ ಅಡಾಪ್ಟರು, ಆಮೇಲೆ ಬೋರ್ಡು. ಅಟ್ಟದಲ್ಲಿ ಸಿಗದ ಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಫೋನು ಹೋಗುತ್ತದೆ. ಹೆಡ್ ಓಡಾಡುವ ನುಣುಪಾದ ಉಕ್ಕಿನ ಸರಳನ್ನೂ ಮೋಟಾರನ್ನೂ ಇಂಜಿನಿಯರಿಂಗ್ ಹುಡುಗರು ಕಾಲೇಜಿನ ಪ್ರಾಜೆಕ್ಟಿಗೆಂದು ಚೌಕಾಶಿ ಮಾಡಿ ಒಯ್ಯುತ್ತಾರೆ. ಕೊನೆಗೆ ಉಳಿಯುವ ಪ್ಲಾಸ್ಟಿಕ್ ಕವಚ ಗುಜರಿಯವನ ತಕ್ಕಡಿಗೆ ಬೀಳುತ್ತದೆ, ಇಂಕು ಮೆತ್ತಿದ್ದಕ್ಕೆ ಕಿಲೋಗೆ ರೇಟು ಕಡಿಮೆ.