ಬಾಣಂತಿಯ ಕತ್ತುನೋವು: ಇವತ್ತೇ ತೋರಿಸಿ

ಪ್ರಶ್ನೆ: ಹೆರಿಗೆಯಾಗಿ 12 ದಿನ. ಕತ್ತು, ತಲೆಯ ಎಡಭಾಗದಲ್ಲಿ ಹಿಂದೆಂದೂ ಕಾಣದ ನೋವು. ಎಡಗಣ್ಣಿನ ರೆಪ್ಪೆ ಜೋತಿದೆ. ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ ಎನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ಕತ್ತು ನೀವಿಸಿಕೊಳ್ಳಬೇಡಿ, ನೆಟಿಕೆ ತೆಗೆಸಬೇಡಿ. ಈಗಲೇ ನರರೋಗ ತಜ್ಞರಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ನೋವಿರುವ ಕಡೆಯೇ ರೆಪ್ಪೆ ಜೋತಿರುವುದು ನನಗೆ ಆತಂಕ ತಂದಿದೆ. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಅಪಧಮನಿಯ ಒಳಪದರ ಸೀಳಿರಬಹುದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಪಾರ್ಶ್ವವಾಯು. ಅಪರೂಪ, ಆದರೆ ಬಾಣಂತನದಲ್ಲಿ ಆಗುವುದುಂಟು. ಹೆರಿಗೆಯಾದದ್ದನ್ನು ಮೊದಲೇ ಹೇಳಿ, ಬಿಪಿ ನೋಡಿಸಿ, ಕತ್ತಿನ ಆಂಜಿಯೋಗ್ರಾಂ ಬೇಕೇ ಎಂದು ಕೇಳಿ. ಸೀಳಿದ್ದರೆ ಹೆಚ್ಚಿನವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು 3ರಿಂದ 6 ತಿಂಗಳು ಕೊಡುತ್ತಾರೆ. ಹಾಲುಣಿಸುವಾಗ ಕೊಡಬಹುದಾದವೂ ಇವೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ತಕ್ಷಣ 108ಕ್ಕೆ ಕರೆ ಮಾಡಿಸಿ.